ಲುನ್ ಮೌಂಗನ ಹೆಸರಿನ ಅಕ್ಕಪಕ್ಕ

ಮಂಡಾಲೆಯ ನಮ್ಮ ಓಣಿಯಲ್ಲಿ ಎದ್ದ ಕೂಡಲೇ ಆಕಾಶ ನೋಡುವವಳು ನ್ಯುಂಟ್ ಯೀ ಒಬ್ಬಳೇ. ಉಳಿದವರು ಒಲೆ ನೋಡುತ್ತಾರೆ, ಇಲ್ಲವೇ ಪಕ್ಕದ ಮನೆಯಲ್ಲಿ ಏನಾಗುತ್ತಿದೆ ಅಂತ ಇಣುಕುತ್ತಾರೆ. ಅವಳು ಮಾತ್ರ ಹಿತ್ತಲ ಬಾಗಿಲು ತೆಗೆದು, ಕೆನ್ನೆಗೆ ಹಚ್ಚುವ ತನಖಾ ಮರದ ತೊಗಟೆ ತೇಯುವುದಕ್ಕೂ ಮುಂಚೆ, ಕತ್ತು ಎತ್ತಿ ನಿಂತುಬಿಡುವಳು. ಬಿಸಿಲಿದ್ದರೆ ಅವಳಿಗೆ ಕೆಲಸ. ಮೋಡ ಮುಚ್ಚಿಕೊಂಡರೆ ಆ ದಿನ ಕೈಕಟ್ಟಿ ಕೂರಬೇಕು.

ಅವಳು ಮಾಡುತ್ತಿದ್ದದ್ದು ಅಚ್ಚಿನ ಪ್ಲೇಟುಗಳನ್ನು. ಮದುವೆ ಕಾರ್ಡು, ತಿನ್ನಲು ಉಪ್ಪಿನಲ್ಲಿ ಊರಿಸಿದ ಚಹಾ ಎಲೆಯ ಪೊಟ್ಟಣದ ಲೇಬಲ್ಲು, ಸತ್ತವರ ಮನೆಯಲ್ಲಿ ಬಂದವರಿಗೆಲ್ಲ ಹಂಚುವ ಕಾಗದದ ಬೀಸಣಿಗೆ, ಇವನ್ನೆಲ್ಲ ಕಾಲಲ್ಲಿ ತುಳಿಯುವ ಹಳೇ ಪ್ರೆಸ್ಸಿನಲ್ಲಿ ಒತ್ತಲು ಉಬ್ಬಿದ ಅಕ್ಷರದ ಪ್ಲೇಟು ಬೇಕಲ್ಲ, ಅದನ್ನು. ದೊಡ್ಡ ಅಂಗಡಿಗಳಲ್ಲಿ ಇದಕ್ಕೆಂದೇ ಬೀರುವಿನಷ್ಟು ದೊಡ್ಡ ಯಂತ್ರವಿರುತ್ತದೆ. ಅವಳ ಹತ್ತಿರ ಇದ್ದದ್ದು ಒಡೆದ ಶೋಕೇಸಿನ ಒಂದು ದಪ್ಪ ಗಾಜು, ಬಟ್ಟೆ ಒಣಹಾಕುವ ಗಟ್ಟಿ ಕ್ಲಿಪ್ಪುಗಳು, ಎಳೆಮಕ್ಕಳಿಗೆ ಹಾಕುವ ಪೌಡರು, ಗಡ್ಡಕ್ಕೆ ನೊರೆ ಹಚ್ಚುವ ಮೆತ್ತನೆಯ ಬ್ರಷ್ಷು, ತಗಡಿನ ತಟ್ಟೆ. ಮಿಕ್ಕಿದ್ದೆಲ್ಲ ಸೂರ್ಯನದ್ದು.

ಕೋಣೆಯ ಕಿಟಕಿಗೆ ಹಳದಿ ಪ್ಲಾಸ್ಟಿಕ್ಕು ಹೊಡೆದು ಒಳಗೆ ಮಬ್ಬು ಮಾಡಿಕೊಂಡಿದ್ದಳು. ಆ ಮಬ್ಬಿನಲ್ಲಿ, ಕಪ್ಪು ಲುಂಗಿಯಲ್ಲಿ ಸುತ್ತಿಟ್ಟ ಪ್ಲೇಟಿನ ಹಾಳೆಯನ್ನು ಡಬ್ಬಿಯಿಂದ ತೆಗೆದು, ಬೇಕಾದಷ್ಟು ಕತ್ತರಿಸಿ, ಮೇಲೆ ಒಂದು ಚಿಟಿಕೆ ಪೌಡರು ಉದುರಿಸಿ, ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಕರಿ ನೆಗೆಟಿವ್ ಅದರ ಮೇಲಿಟ್ಟು, ಗಾಜು ಮುಚ್ಚಿ, ಸುತ್ತ ಕ್ಲಿಪ್ಪು ಹಾಕಿ ಹಿತ್ತಲಿಗೆ ಒಯ್ಯುವಳು. ನೆಗೆಟಿವ್‌ನಲ್ಲಿ ಅಕ್ಷರ ಇರುವಲ್ಲಿ ಮಾತ್ರ ಬೆಳಕು ತೂರುತ್ತದೆ, ಬೆಳಕು ಬಿದ್ದಲ್ಲಿ ಪ್ಲೇಟು ಗಟ್ಟಿಯಾಗುತ್ತದೆ. ಉಳಿದದ್ದನ್ನು ನೀರಿನಲ್ಲಿ ಬ್ರಷ್ಷಿನಿಂದ ಸವರಿದರೆ ಮೆತ್ತಗಾಗಿ ಕರಗಿಹೋಗಿ ಅಕ್ಷರ ಮಾತ್ರ ಎದ್ದು ನಿಲ್ಲುತ್ತದೆ. ಬಿಸಿಲಲ್ಲಿ ಎಷ್ಟು ಹೊತ್ತು ಇಡಬೇಕು ಅನ್ನುವುದಕ್ಕೆ ಅವಳು ಗಡಿಯಾರ ನೋಡಿದವಳಲ್ಲ. ಜಪದ ಮಣಿ ತಿರುಗಿಸುತ್ತ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುವಳು. ಬೇಸಿಗೆಯ ಬಿಸಿಲಿಗೆ ಇಷ್ಟು ಸುತ್ತು, ಚಳಿಗಾಲದ ಬಿಸಿಲಿಗೆ ಇಷ್ಟು ಸುತ್ತು ಅಂತ ಬೆರಳಿಗೆ ಗೊತ್ತಿತ್ತು. ಹೀಗೆ ಬುದ್ಧನನ್ನು ನೆನೆಯುತ್ತ ಅವಳು ಮಾಡಿದ ಪ್ಲೇಟುಗಳಲ್ಲಿ ಊರಿನ ಅರ್ಧ ಜನ ಮದುವೆಯಾಗಿದ್ದಾರೆ, ಇನ್ನರ್ಧ ಜನ ಸತ್ತಿದ್ದಾರೆ.

ಕಲಿಸಿಕೊಟ್ಟವನು ಗಂಡ ಲುನ್ ಮೌಂಗ್. ಅವನು ಅಚ್ಚಿನ ಬ್ಲಾಕ್ ಮಾಡುವ ಅಂಗಡಿಯಲ್ಲಿ ಸತುವಿನ ತಗಡನ್ನು ಆಸಿಡ್ಡಿನಲ್ಲಿ ತಿನ್ನಿಸುತ್ತಿದ್ದವನು. ಅಂಗಡಿ ಮುಚ್ಚಿತು, ಆಸಿಡ್ಡಿಗೆ ಕೆಮ್ಮಿ ಕೆಮ್ಮಿ ಅವನಿಗೂ ಸಾಕಾಗಿತ್ತು. ಯಾರೋ ಚೀನಾ ಗಡಿಯಿಂದ ತಂದ ಹೊಸ ಪ್ಲೇಟಿನ ಒಂದು ತುಂಡು ಕೈಗೆ ಸಿಕ್ಕಿದ್ದೇ ಹಿಡಿದು, ಹಿತ್ತಲಲ್ಲಿ ಕೂತು, ಹಾಳು ಮಾಡಿ ಮಾಡಿ ಈ ಬಿಸಿಲಿನ ವಿದ್ಯೆ ಹುಡುಕಿಕೊಂಡ. ಹೆಂಡತಿಗೂ ಕಲಿಸಿದ. ಆದರೆ ಊರಿನ ಪ್ರೆಸ್ಸುಗಳೇ ಒಂದೊಂದಾಗಿ ಕದ ಹಾಕಿಕೊಂಡಾಗ ವಿದ್ಯೆ ಇದ್ದು ಏನು ಮಾಡುವುದು? ಉತ್ತರದ ಜೇಡ್ ಗಣಿಗಳ ಕಡೆ ಹೊರಟ. ಅಲ್ಲಿ ಕಂಪನಿಯವರು ಸುರಿದ ಮಣ್ಣುಗುಡ್ಡಗಳನ್ನು ಕೆದಕಿ ಹಸಿರು ಕಲ್ಲಿನ ಚೂರು ಹುಡುಕುವ ಸಾವಿರಾರು ಜನರಲ್ಲಿ ಇವನೂ ಒಬ್ಬನಾದ. ಒಂದು ಮಳೆಗಾಲ ಆ ಗುಡ್ಡ ಜಾರಿತು.

ಎಷ್ಟು ಜನ ಹೋದರು ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಸಿಕ್ಕ ಹೆಣಗಳಲ್ಲಿ ಲುನ್ ಮೌಂಗನದು ಇರಲಿಲ್ಲ. ಬಂದವರೊಬ್ಬರು, ಅವನು ಹಿಂದಿನ ವಾರವೇ ಬೇರೆ ಗಣಿಗೆ ಹೋಗಿದ್ದ ಅಂದರು. ಇನ್ನೊಬ್ಬರು ಅವನನ್ನು ಎಲ್ಲೋ ಲಾರಿ ನಿಲ್ದಾಣದಲ್ಲಿ ಕಂಡೆ ಅಂದರು. ಈ ಜನರ ಬಾಯಿಗೆ ಬೀಗ ಹಾಕುವವರು ಯಾರು? ಕಂಡವರೂ ಹೇಳುತ್ತಾರೆ, ಕಾಣದವರೂ ಹೇಳುತ್ತಾರೆ. ನ್ಯುಂಟ್ ಯೀ ಮಾತ್ರ ಆ ಮಾತುಗಳನ್ನು ಎದೆಗೆ ಅವಚಿಕೊಂಡು ಕೂತಳು. ಓಣಿಯ ಹೆಂಗಸರು ಬಂದು, ಏಳನೇ ದಿನಕ್ಕೆ ಭಿಕ್ಕುಗಳನ್ನು ಕರೆದು ಊಟ ಹಾಕಿಸಿ ಪುಣ್ಯ ಹಂಚಿಬಿಡು, ಹೋದವನು ದಾರಿ ಹಿಡಿಯಲಿ ಅಂದಾಗ ಅವರನ್ನು ಹೊಸಿಲು ದಾಟಿಸಿ ಕದ ಹಾಕಿಕೊಂಡಳು. ಬದುಕಿರುವವನಿಗೆ ಸಾವಿನೂಟ ಹಾಕಿಸಿದರೆ ಆ ಪಾಪ ಯಾರಿಗೆ ಅಂತ ಒಳಗಿನಿಂದಲೇ ಕೇಳಿದಳಂತೆ. ಆಮೇಲೆ ಆ ಮಾತನ್ನು ಯಾರೂ ಅವಳೆದುರು ಎತ್ತಲಿಲ್ಲ. ಮಗಳು ಥಿಂಜಾ ಆಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಈಗ ನಮ್ಮವರ ಒಂದು ಪದ್ಧತಿ ಹೇಳಲೇಬೇಕು. ಕಾರ್ಡಿನಲ್ಲಾಗಲಿ ಬೀಸಣಿಗೆಯಲ್ಲಾಗಲಿ ಸತ್ತವರ ಹೆಸರು ಬಂದರೆ ಅದರ ಅಕ್ಕಪಕ್ಕ ಎರಡು ಬಾಗುಗೆರೆ ನಿಲ್ಲಿಸುತ್ತಾರೆ. ಶಾಲೆಯ ಲೆಕ್ಕದಲ್ಲಿ ಕಂಸ ಅನ್ನುತ್ತಾರಲ್ಲ, ಅವೇ. ಹೆಸರು ಬಿಡಿಯಾಗಿದ್ದರೆ ಮನುಷ್ಯ ಇದ್ದಾನೆ, ಬಾಗುಗೆರೆಯ ಒಳಗಿದ್ದರೆ ಇಲ್ಲ. ಓದುವವರು ಮೊದಲು ಅದನ್ನೇ ನೋಡುವುದು. ಓ, ಹುಡುಗನ ತಂದೆ ಹೋಗಿಬಿಟ್ಟರಾ ಪಾಪ, ಅಂತ ಒಂದು ನಿಟ್ಟುಸಿರು ಬಿಟ್ಟು ಆಮೇಲೆ ಊಟ ಎಲ್ಲಿ ಅಂತ ಕೆಳಗಿನ ಸಾಲು ಓದುತ್ತಾರೆ.

ಒಮ್ಮೆ, ಕದ ಹಾಕದೆ ಉಳಿದು ಅವಳಿಂದ ಪ್ಲೇಟು ಮಾಡಿಸುತ್ತಿದ್ದ ಊ ಬಾ ನ್ಯೋ ಅವರ ಪ್ರೆಸ್ಸಿನಲ್ಲಿ ಎಡವಟ್ಟಾಗಿತ್ತು. ಯಾವುದೋ ಹುಡುಗ ಭಿಕ್ಕುಗಳ ಮಠ ಸೇರುವ ದೀಕ್ಷೆಯ ಕಾರ್ಡಿನಲ್ಲಿ, ಗಟ್ಟಿಮುಟ್ಟಾಗಿದ್ದ ದೊಡ್ಡಪ್ಪನ ಹೆಸರಿಗೆ ಬಾಗುಗೆರೆ ಬಿದ್ದುಬಿಟ್ಟಿತು. ಅಕ್ಕಿ ವ್ಯಾಪಾರಿಯಾದ ಆ ದೊಡ್ಡಪ್ಪ ಕಾರ್ಡು ಹಿಡಿದು ಸೀದಾ ಪ್ರೆಸ್ಸಿಗೆ ಬಂದ. "ನನ್ ಹೆಣ ಎಲ್ಲಿಟ್ಟಿದ್ದೀರಿ, ತೋರ್ಸಿ, ನಾನೂ ಒಂದ್ಸಲ ನೋಡ್ಬಿಡ್ತೀನಿ," ಅಂದ. ನೆರೆದವರಿಗೆ ನಗು ತಡೆಯಲಿಲ್ಲ. ಅವನು ಮಾತ್ರ ಕಾರ್ಡನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದು ತೋರಿಸುತ್ತಿದ್ದ. ಊ ಬಾ ನ್ಯೋ ಕಾರ್ಡೆಲ್ಲ ಸುಟ್ಟು, ಹಣ್ಣಿನ ತಟ್ಟೆ ಹಿಡಿದುಕೊಂಡು ಅವನ ಮನೆಗೆ ಹೋಗಿ ಮಂಡಿಯೂರಿ ಕ್ಷಮೆ ಕೇಳಿ ಬಂದರು. ಅಲ್ಲಿಂದೀಚೆಗೆ ಯಾವ ಕಾರ್ಡಾದರೂ ಸರಿ, ಯಾರು ಇದ್ದಾರೆ ಯಾರು ಇಲ್ಲ ಅಂತ ನ್ಯುಂಟ್ ಯೀ ಒಂದೊಂದು ಹೆಸರನ್ನೂ ಬಾಯಿಬಿಟ್ಟು ಕೇಳಿಯೇ ಪ್ಲೇಟು ಮಾಡುವಳು. ಊರವರ ಸಾವು ಬದುಕನ್ನೆಲ್ಲ ಹಾಗೆ ವಿಚಾರಿಸುತ್ತಿದ್ದವಳಿಗೆ ತನ್ನ ಮನೆಯದನ್ನು ಕೇಳುವವರು ಇರಲಿಲ್ಲ.

ಥಿಂಜಾಳ ಮದುವೆ ಗೊತ್ತಾದಾಗ ಕೇಳುವವರು ಬಂದರು. ಹುಡುಗ ಪ್ಯಿ ಸೋನ್ ಒಳ್ಳೆಯವನು, ಸಂತೆ ಬೀದಿಯಲ್ಲಿ ಕರಿದ ಅವರೆ, ಕಡಲೆ, ಎಳ್ಳು ಮಾರುವ ಅಂಗಡಿ. ಥಿಂಜಾ ಎದುರಿನ ಬಟ್ಟೆ ಮಳಿಗೆಯಲ್ಲಿ ಕೆಲಸಕ್ಕಿದ್ದಳು, ಇಬ್ಬರಿಗೂ ಅಲ್ಲಿಯೇ ಕಣ್ಣು ಕೂಡಿದ್ದು. ವಾಸೋ ಹುಣ್ಣಿಮೆ ಬಂತೆಂದರೆ ಮಳೆಗಾಲದ ವ್ರತ ಮುಗಿಯುವ ತನಕ ಮದುವೆಯ ಮಾತೇ ಇಲ್ಲ. ಅದಕ್ಕೇ ಹುಡುಗನ ತಾಯಿ ದೋ ಕ್ಯಿನ್ ಮ್ಯಾ ಅವಸರ ಮಾಡಿಕೊಂಡು, ಕಾರ್ಡಿನಲ್ಲಿ ಏನೇನು ಬರಬೇಕು ಅಂತ ಬರೆಸಿಕೊಂಡೇ ಬಂದಳು. ಕೂತಳು, ಬೆಲ್ಲ ಬಾಯಿಗೆ ಹಾಕಿಕೊಂಡಳು, ಚಹಾ ಕುಡಿದಳು, ಮನೆಯ ನಾಲ್ಕು ಗೋಡೆಯನ್ನೂ ಕಣ್ಣಲ್ಲೇ ಅಳೆದಳು. ಆಮೇಲೆ ಹುಡುಗಿಯ ತಂದೆಯ ಹೆಸರಿಗೆ ಬಾಗುಗೆರೆ ಹಾಕಿಸಬೇಕು ಅಂತ ಹೇಳಿದಳು.

"ಬೇಜಾರ್ ಮಾಡ್ಕೋಬೇಡಿ ಬೀಗಿತ್ತಿ. ಬಿಡಿಯಾಗಿ ಹಾಕಿದ್ರೆ ಜನ ಚಪ್ಪರದಲ್ಲಿ ಹುಡುಕ್ತಾರೆ. ಹುಡುಗಿ ಅಪ್ಪ ಎಲ್ಲಿ, ಹುಡುಗಿ ಅಪ್ಪ ಎಲ್ಲಿ ಅಂತ. ನಾನ್ ಎಷ್ಟ್ ಜನಕ್ಕೆ ಅಂತ ಉತ್ತರ ಹೇಳ್ಲಿ?"

"ಹೆಣ ನೋಡಿದ್ದೀರಾ ನೀವು?" ಅಂದಳು ನ್ಯುಂಟ್ ಯೀ.

ದೋ ಕ್ಯಿನ್ ಮ್ಯಾ ಚಹಾದ ಬಟ್ಟಲು ಕೆಳಗಿಟ್ಟಳು. ಕೆಟ್ಟ ಹೆಂಗಸೇನಲ್ಲ, ಆದರೆ ಎಲ್ಲವೂ ತನ್ನ ಅಂಗಡಿಯ ಡಬ್ಬಿಗಳ ಹಾಗೆ ಮುಚ್ಚಳ ಹಾಕಿ ಸಾಲಾಗಿ ಇರಬೇಕು ಅವಳಿಗೆ. ಹಾಗಾದರೆ ಹೆಸರೇ ಬೇಡ, ತಾಯಿಯ ಹೆಸರು ಮಾತ್ರ ಸಾಕು ಅಂದಳು. ಅದಕ್ಕೆ ಥಿಂಜಾ ಒಪ್ಪಲಿಲ್ಲ. ಅಪ್ಪ ಯಾರು ಅಂತ ಗೊತ್ತಿಲ್ಲದವಳ ಹಾಗೆ ಕಾರ್ಡು ಹಂಚುವುದಾದರೆ ತನಗೆ ಮದುವೆಯೇ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ನೀವು ನೀವೇ ತೀರ್ಮಾನ ಮಾಡಿಕೊಳ್ಳಿ ಅಂತ ದೋ ಕ್ಯಿನ್ ಮ್ಯಾ ಎದ್ದು ಹೋದಳು.

ಆ ಸಂಜೆ ತಾಯಿ ಅಕ್ಕಿ ಆರಿಸುತ್ತಿದ್ದಳು, ಮಗಳು ಎದುರಿಗೆ ಬಂದು ಕೂತಳು. ಇಷ್ಟು ವರ್ಷ ನುಂಗಿಕೊಂಡದ್ದನ್ನು ಅವತ್ತು ಹೇಳಿದಳು.

"ಅಮ್ಮಾ, ನೀನು ಅಪ್ಪನ್ನ ಬದುಕ್ಸಿ ಇಟ್ಕೊಂಡಿಲ್ಲ. ಹೋಗೋಕೆ ಬಿಡದೆ ಹಿಡ್ಕೊಂಡಿದ್ದೀಯ, ಅಷ್ಟೇ. ಏಳನೇ ದಿನ ಮಾಡ್ಲಿಲ್ಲ. ಒಂದ್ ತುತ್ತು ಅನ್ನ ಅವರ ಹೆಸರಲ್ಲಿ ಯಾರಿಗೂ ಹಾಕ್ಲಿಲ್ಲ. ಎಲ್ಲಿ ಅಲೀತಿದ್ದಾರೋ, ಹಸ್ಕೊಂಡು."

"ಬದುಕಿದ್ರೆ?"

"ಬದುಕಿದ್ರೆ ಬರ್ತಿರ್ಲಿಲ್ವಾ ಅಮ್ಮಾ? ನಿನ್ ಹತ್ರ ಬರ್ದೇ ಇರೋಷ್ಟು ಕೆಟ್ಟೋರಾ ಅಪ್ಪ?"

ನ್ಯುಂಟ್ ಯೀ ಅಕ್ಕಿಯಲ್ಲಿ ಬೆರಳಾಡಿಸುತ್ತಲೇ ಇದ್ದಳು. ಅವಳೊಳಗೆ ಇದ್ದದ್ದು ಭಯ ಒಂದೇ. ಬದುಕಿರುವವನನ್ನು ಸತ್ತ ಅಂದರೆ ತಾನೇ ಕೊಂದ ಹಾಗೆ. ಸತ್ತವನನ್ನು ಬದುಕಿದ್ದಾನೆ ಅಂದರೆ ಅವನನ್ನು ದಿಕ್ಕುದೆಸೆಯಿಲ್ಲದೆ ಬೀದಿಗೆ ಬಿಟ್ಟ ಹಾಗೆ. ಎರಡರಲ್ಲಿ ಯಾವುದನ್ನು ಮಾಡಿದ್ದೇನೆ ಅಂತ ಅವಳಿಗೇ ತಿಳಿಯದು. ಮೊರ ಪಕ್ಕಕ್ಕಿಟ್ಟು, ಮುಖ ಎತ್ತದೆ, ಹಾಕಿಸು ಅಂದಳು. ಮಗಳು ಮಾರನೇ ದಿನ ಬಾಗುಗೆರೆ ಸಮೇತ ನೆಗೆಟಿವ್ ಮಾಡಿಸಿ ತಂದಳು.

ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ತುಂಡು ಪ್ಲೇಟು. ಗಡಿಯ ದಾರಿ ಮುಚ್ಚಿಹೋಗಿ ಹೊಸ ಮಾಲು ಬಂದಿರಲಿಲ್ಲ, ಅಂಗಡಿಯವನು ಮುಂದಿನ ತಿಂಗಳು ನೋಡೋಣ ಅಂತ ಕೈ ಆಡಿಸಿದ್ದ. ಆಕಾಶ ಬೇರೆ ಮುಖ ಊದಿಸಿಕೊಂಡಿತ್ತು. ದಿನಾ ಎದ್ದು ನೋಡುವಳು, ಬೂದಿ ಬಳಿದಂಥ ಮೋಡ. ದೋ ಕ್ಯಿನ್ ಮ್ಯಾ ಕಡೆಯಿಂದ ಕಾರ್ಡು ಆಯಿತಾ ಅಂತ ಫೋನ್ ಮೇಲೆ ಫೋನ್. ತಾನು ಬೇಕೆಂದೇ ತಡಮಾಡುತ್ತಿದ್ದೇನೆ ಅಂತ ಅಂದುಕೊಂಡಾರು ಅನ್ನುವ ಸಂಕಟ ಒಂದು ಕಡೆ. ಮೋಡ ಹೀಗೇ ಇರಲಿ ಅನ್ನುವ ಆಸೆ ಇನ್ನೊಂದು ಕಡೆ. ಸುಳ್ಳು ಯಾಕೆ ಹೇಳಬೇಕು, ಆ ಆಸೆಯೇ ಜೋರಾಗಿತ್ತು.

ಕೊನೆಗೆ ಒಂದು ಮಧ್ಯಾಹ್ನ ಬಿಸಿಲು ಬಿತ್ತು. ಅವಳು ಗಾಜು ಹೊತ್ತು ಹಿತ್ತಲಿಗೆ ಹೋಗಿ ಜಪಮಣಿ ಹಿಡಿದು ಕೂತಳು. ಕಪ್ಪು ಹಾಳೆಯ ಮೇಲೆ ಗಂಡನ ಹೆಸರು ಗಾಜಿನಷ್ಟು ತಿಳಿಯಾಗಿ ಕಾಣುತ್ತಿತ್ತು, ಅದರ ಎರಡು ಬದಿಯಲ್ಲಿ ಕೂದಲೆಳೆಯಂಥ ಬಾಗುಗೆರೆ. ಅರ್ಧ ಜಪ ಆಗಿರಲಿಲ್ಲ, ಮೋಡ ಅಡ್ಡ ಬಂತು. ಇಂಥ ಹೊತ್ತಿನಲ್ಲಿ ಇನ್ನೂ ಎರಡರಷ್ಟು ಸುತ್ತು ಕಾಯಬೇಕು ಅಂತ ಅವಳಿಗೆ ಗೊತ್ತು. ದಪ್ಪ ಅಕ್ಷರ ಹೇಗೋ ತಾಳಿಕೊಳ್ಳುತ್ತದೆ, ಒಂಟಿಯಾಗಿ ನಿಂತ ಸಣ್ಣ ಗೆರೆಗೆ ಬೆಳಕು ಸಾಲದಿದ್ದರೆ ಬುಡ ಹಿಡಿಯುವುದಿಲ್ಲ. ಬೇರೆಯವರ ಪ್ಲೇಟಾಗಿದ್ದರೆ ಕಾಯುತ್ತಿದ್ದಳು. ಅವತ್ತು ಎದ್ದುಬಿಟ್ಟಳು. ಯಾಕೆ ಎದ್ದೆ ಅಂತ ಆಮೇಲೆ ಎಷ್ಟೋ ಸಲ ತನ್ನನ್ನು ಕೇಳಿಕೊಂಡಳು.

ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಬ್ರಷ್ಷು ಆಡಿಸಿದಳು. ನೀರು ಹಾಲಿನ ಹಾಗಾಯಿತು. ಮೊದಲು ಮಗಳ ಹೆಸರು ಎದ್ದಿತು, ಆಮೇಲೆ ಹುಡುಗನದು, ಆಮೇಲೆ ಬೀಗರದು. ಗಂಡನ ಹೆಸರಿನ ಹತ್ತಿರ ಬಂದಾಗ ಮುಗಿಸುವ ಕಡೆಯ ಬಾಗುಗೆರೆ ಅಲುಗಿದ್ದು ಕಾಣಿಸಿತು. ಕೈ ನಿಂತಿತು. ನೀರಿನಿಂದ ತೆಗೆದು ಗಾಳಿಗೆ ಇಟ್ಟಿದ್ದರೆ ಬಹುಶಃ ಉಳಿಯುತ್ತಿತ್ತು. ಅವಳ ಕೈ ಇನ್ನೊಮ್ಮೆ ಸವರಿತು. ಗೆರೆ ಬಿಟ್ಟುಕೊಂಡು ಬಿಳಿ ನೀರಿನಲ್ಲಿ ಹೋಯಿತು.

ಈಗ ಲುನ್ ಮೌಂಗನ ಹೆಸರಿಗೆ ಮೊದಲು ಒಂದು ಬಾಗುಗೆರೆ ಇದೆ, ಕೊನೆಗೆ ಇಲ್ಲ. ಸಾವು ಶುರುವಾಗಿದೆ, ಮುಗಿದಿಲ್ಲ. ನ್ಯುಂಟ್ ಯೀ ಒದ್ದೆ ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೇ ಇದ್ದಳು. ಮಗಳು ಮಳಿಗೆಯಿಂದ ಬಂದಾಗಲೂ ಎದ್ದಿರಲಿಲ್ಲ.

ಥಿಂಜಾ ಪ್ಲೇಟು ತೆಗೆದುಕೊಂಡು ಬೆಳಕಿಗೆ ಓರೆ ಹಿಡಿದು ನೋಡಿದಳು. ಅಚ್ಚಿನವರ ಮನೆಯ ಹುಡುಗಿ, ಉಲ್ಟಾ ಅಕ್ಷರ ಓದಲು ಬರುತ್ತದೆ. ಮುಖ ಕೆಂಪೇರಿತು.

"ನೀನೇ ಉಜ್ಜಿ ತೆಗ್ದೆ ಅಲ್ವಾ?"

"ಗೊತ್ತಿಲ್ಲ ಕಣೇ."

"ಗೊತ್ತಿಲ್ಲ ಅಂದ್ರೆ? ನಿನ್ ಕೈಯಲ್ವಾ ಅದು?"

"ನನ್ ಕೈಯೇ. ನಿಜವಾಗ್ಲೂ ಗೊತ್ತಿಲ್ಲ."

ಅವತ್ತು ಇಬ್ಬರೂ ಊಟ ಮಾಡಲಿಲ್ಲ. ಬೆಳಗ್ಗೆ ಊ ಬಾ ನ್ಯೋ ಅವರ ಪ್ರೆಸ್ಸಿಗೆ ಹೋದರು. ಮುದುಕರು ಕನ್ನಡಕ ಹಣೆಗೇರಿಸಿ ಪ್ಲೇಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಉಬ್ಬಚ್ಚಿನ ಹಣೆಬರಹವೇ ಅಷ್ಟು, ಇರುವುದನ್ನು ಕೊಯ್ದು ತೆಗೆಯಬಹುದು, ಇಲ್ಲದ್ದನ್ನು ಅಂಟಿಸಲು ಬರುವುದಿಲ್ಲ. ಅವರ ಸೀಸದ ಅಕ್ಷರದ ಮೊಳೆಗಳೆಲ್ಲ ಯಾವತ್ತೋ ಗುಜರಿಗೆ ತೂಕಕ್ಕೆ ಹೋಗಿದ್ದವು. ಬೇರೆ ಪ್ಲೇಟು ಬರುವ ಹೊತ್ತಿಗೆ ಮದುವೆಯ ದಿನ ಕಳೆದಿರುತ್ತದೆ. ಒಂದು ಪ್ರತಿ ಒತ್ತಿ ತೆಗೆದು ಮೇಜಿನ ಮೇಲೆ ಇಟ್ಟರು. ಒಂದು ದಾರಿಯಿದೆ ಅಂದರು: ಕಾರ್ಡೆಲ್ಲ ಹೀಗೇ ಒತ್ತಿಬಿಡೋಣ, ಬಿಟ್ಟುಹೋದ ಗೆರೆಯನ್ನು ಒಂದೊಂದು ಕಾರ್ಡಿಗೂ ಕೆಂಪು ಪೆನ್ನಲ್ಲಿ ಮಗಳೇ ಎಳೆಯಲಿ, ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಡಿನ ಶಾಯಿಯೂ ಕೆಂಪೇ.

ನ್ಯುಂಟ್ ಯೀ ಒಲ್ಲೆ ಅನ್ನಲಿಲ್ಲ. ಇನ್ನು ಒಲ್ಲೆ ಅನ್ನುವ ಹಕ್ಕು ತನಗಿಲ್ಲ ಅಂತ ಅನ್ನಿಸಿತ್ತು. ಥಿಂಜಾ ಪೆನ್ನು ತೆಗೆದುಕೊಂಡಳು. ಅಪ್ಪನ ಹೆಸರಿನ ಕೊನೆಯ ಅಕ್ಷರದ ಪಕ್ಕ ಮೊನೆ ಇಟ್ಟಳು. ಹಾಗೇ ಹಿಡಿದಿದ್ದಳು. ಮೊನೆಯಿಂದ ಶಾಯಿ ಇಳಿದು ಚುಕ್ಕೆಯಾಯಿತು, ಚುಕ್ಕೆ ದೊಡ್ಡದಾಯಿತು, ಗೆರೆ ಮಾತ್ರ ಆಗಲಿಲ್ಲ. ನಿನ್ನೆ ತಾಯಿಯನ್ನು ಅಷ್ಟು ದಬಾಯಿಸಿದವಳು ಈಗ ಪೆನ್ನು ಬಿಸಾಕಿ ಕೈಬೆನ್ನಿನಿಂದ ಮೂಗು ಒರೆಸಿಕೊಂಡಳು.

"ನನ್ ಕೈಲೂ ಆಗಲ್ಲ ಅಮ್ಮಾ. ಆ ಕಡೆದೂ ಕೊಯ್ದುಬಿಡು."

ನ್ಯುಂಟ್ ಯೀ ಸಣ್ಣ ಚಾಕುವಿನಿಂದ ಉಳಿದ ಬಾಗುಗೆರೆಯನ್ನು ಬುಡಸಮೇತ ಕೊಯ್ದಳು. ಎಷ್ಟೋ ವರ್ಷದಿಂದ ಬಯಸಿದ್ದು ಇದೇ. ಆದರೆ ಮನಸ್ಸಿಗೆ ಹಗುರ ಅನ್ನಿಸಲಿಲ್ಲ, ಇನ್ನೊಂದಿಷ್ಟು ಭಾರವೇ ಆಯಿತು. ಊ ಬಾ ನ್ಯೋ ಪ್ರೆಸ್ಸು ತುಳಿಯತೊಡಗಿದರು. ಹಿರಿಯರ ಹೆಸರಿಗೆ ಸೇರಿಸುವ ಊ, ದೋ ಸಮೇತ, ಊ ಲುನ್ ಮೌಂಗ್, ದೋ ನ್ಯುಂಟ್ ಯೀ ದಂಪತಿಗಳ ಮಗಳು ಅಂತ ಒಂದೊಂದೇ ಕಾರ್ಡು ಹೊರಬಿತ್ತು.

ಕಾರ್ಡು ನೋಡಿ ದೋ ಕ್ಯಿನ್ ಮ್ಯಾ ಕುದ್ದುಹೋದಳು. ಆದರೆ ವಾಸೋ ಹತ್ತಿರ ಬಂದಿತ್ತು, ಕಾರ್ಡು ಹರಿದು ಹಾಕುವಂತಿರಲಿಲ್ಲ. ಫೋನಿನಲ್ಲಿ ಒಂದೇ ಮಾತು ಆಡಿದಳು. "ಆಯ್ತು ಬೀಗಿತ್ತಿ, ಇದ್ದಾರೆ ಅಂತ ನೀವೇ ಅಚ್ಚು ಹಾಕ್ಸಿದ್ದೀರಿ. ಹಾಗಿದ್ಮೇಲೆ ನಿಮ್ ಯಜಮಾನ್ರಿಗೂ ಒಂದ್ ಚಾಪೆ ಹಾಸಿರ್ತೀನಿ. ಬಂದ್ ಕೂತ್ಕೊಳ್ಳಿ." ಅಷ್ಟು ಹೇಳಿ ಫೋನ್ ಇಟ್ಟಳು.

ಹೇಳಿದ್ದನ್ನು ಮಾಡಿಯೂ ಬಿಟ್ಟಳು. ಮದುವೆಯ ಚಪ್ಪರದಲ್ಲಿ ಹುಡುಗನ ತಂದೆತಾಯಿಗೆ ಎರಡು ಚಾಪೆ, ಹುಡುಗಿಯ ತಂದೆತಾಯಿಗೆ ಎರಡು ಚಾಪೆ. ನ್ಯುಂಟ್ ಯೀ ಒಂದರ ಮೇಲೆ ಕೂತಳು, ಪಕ್ಕದ್ದು ಖಾಲಿ. ಅವಳು ನಮ್ಮ ಕಡೆ ಹೆಂಗಸರುಡುವ ರೇಷ್ಮೆ ಲುಂಗಿ ಉಟ್ಟು, ತಲೆಗೆ ಹೂ ಮುಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಂದವರೆಲ್ಲ ಕಾರ್ಡು ಓದಿ ಬಂದವರೇ. ಯಜಮಾನರು ಎಲ್ಲಿ ಅಂತ ನಗುನಗುತ್ತ ಕೇಳುವರು. ದೂರದ ಕೆಲಸ, ಬರಲಾಗಲಿಲ್ಲ ಅಂತ ಅವಳೂ ನಗುತ್ತ ಹೇಳುವಳು. ಗೊತ್ತಿದ್ದ ನಮ್ಮ ಓಣಿಯವರು ತಲೆ ತಗ್ಗಿಸಿ ತೆಂಗಿನಹಾಲಿನ ಶಾವಿಗೆ ಉಣ್ಣುತ್ತಿದ್ದರು. ಮದುವೆ ನಡೆಸುವ ಹಿರಿಯರು ಮೈಕಿನಲ್ಲಿ, ವಧುವಿನ ತಂದೆ ಊ ಲುನ್ ಮೌಂಗ್, ತಾಯಿ ದೋ ನ್ಯುಂಟ್ ಯೀ ಇವರಿಗೆ ವಧೂವರರು ನಮಸ್ಕಾರ ಮಾಡಲಿ ಅಂದರು. ಹುಡುಗ ಹುಡುಗಿ ಮಂಡಿಯೂರಿ ಮೂರು ಸಲ ಬಾಗಿದರು. ಥಿಂಜಾ ಬಾಗಿದ್ದು ಖಾಲಿ ಚಾಪೆಯ ಕಡೆಗೇ. ಮೂರನೇ ಸಲ ಅವಳು ಏಳಲು ಸ್ವಲ್ಪ ತಡವಾಯಿತು.

ಊಟ ಅರ್ಧವಾಗಿತ್ತು. ಬಾಗಿಲ ಕಡೆಯಿಂದ ಒಬ್ಬ ಕುಂಟುತ್ತ ಬಂದ. ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನ್ಯುಂಟ್ ಯೀ ಮಾಡಿದ ಕಾರ್ಡು. ಯಾರ ಕಡೆಯವನೂ ಅಲ್ಲ. ಅವಳ ಮುಂದೆ ಕೂತು ಹಲ್ಲು ಕಾಣುವಂತೆ ನಕ್ಕ.

"ಅತ್ತಿಗೆ, ನಾನು ಸಾನ್ ಪೆ. ಮೇಲೆ ಗಣೀಲಿ ಅಣ್ಣಾನೂ ನಾನೂ ಒಂದೇ ಗುಡಿಸಲಲ್ಲಿದ್ವಿ. ಎಲ್ಲಿ ಅಣ್ಣ? ಒಳಗಿದ್ದಾನಾ?"

ಅವನು ಉತ್ತರಕ್ಕೂ ಕಾಯಲಿಲ್ಲ, ಸಂತೋಷ ಅವನನ್ನು ಕಾಯಲು ಬಿಡಲಿಲ್ಲ. ಈಗ ಶ್ವೆಬೋ ಪಟ್ಟಣದಲ್ಲಿ ಬೇಳೆ ಮಿಲ್ಲಿನ ಲಾರಿ ಓಡಿಸುತ್ತಾನಂತೆ. ಮಿಲ್ಲಿನವರು ದೋ ಕ್ಯಿನ್ ಮ್ಯಾಳ ನೆಂಟರು. ಅವರ ಮೇಜಿನ ಮೇಲೆ ಈ ಕಾರ್ಡು ಬಿದ್ದಿತ್ತಂತೆ. ಹೆಸರು ಓದಿದ, ಹೆಂಡತಿಯ ಹೆಸರು ಓದಿದ, ಓಣಿಯ ಹೆಸರು ಓದಿದ, ಕೂತಲ್ಲೇ ಅತ್ತುಬಿಟ್ಟನಂತೆ.

"ಹೆಸರು ಬಿಡಿಯಾಗಿತ್ತಲ್ಲ ಅತ್ತಿಗೆ! ನನ್ ಕಣ್ಣೇ ನಾನ್ ನಂಬ್ಲಿಲ್ಲ. ಅವತ್ತು ಮಣ್ಣು ಜಾರಿದಾಗ ಅವನ ಅಂಗಿ ನನ್ ಕೈಲಿತ್ತು. ಹಿಡ್ಕೊಂಡೇ ಇದ್ದೆ. ಅಂಗಿ ಹರೀತು, ಅವನು ಒಳಗೋದ, ನನ್ ಕಣ್ಣೆದುರಿಗೇ. ಅಗೆದೆ, ಕೈಯಲ್ಲೇ ಅಗೆದೆ. ಮತ್ತೆ ಕುಸೀತು, ನನ್ ಕಾಲೂ ಮುರೀತು, ಜನ ನನ್ನ ಎಳ್ಕೊಂಡ್ ಬಂದ್ರು. ಯಾವ್ ಮುಖ ಹೊತ್ಕೊಂಡು ನಿಮ್ ಹತ್ರ ಬಂದು ಹೇಳ್ಲಿ? ಇಷ್ಟ್ ವರ್ಷ ಅದನ್ನೇ ನೆನಸ್ಕೊಂಡು ಸಾಯ್ತಿದ್ದೆ. ಹೇಗ್ ಹೊರಗ್ ಬಂದ ಅತ್ತಿಗೆ? ಯಾರು ತೆಗೆದ್ರು ಅವನ್ನ?"

ಹೇಳುತ್ತ ಹೇಳುತ್ತ ಅವನ ಕಣ್ಣು ಪಕ್ಕದ ಖಾಲಿ ಚಾಪೆಯ ಮೇಲೆ ಬಿತ್ತು. ಆಮೇಲೆ ಅವಳ ಮುಖದ ಮೇಲೆ. ನಗು ಇನ್ನೂ ಬಾಯಲ್ಲಿ ಹಾಗೇ ಇತ್ತು, ಎಲ್ಲಿಗೆ ಹೋಗಬೇಕು ಅಂತ ಅದಕ್ಕೇ ತಿಳಿಯದ ಹಾಗೆ.

"ಹಾಗಾದ್ರೆ ಈ ಕಾರ್ಡು?" ಅಂದ.

"ಕಾರ್ಡು ನಾನ್ ಮಾಡಿದ್ದು ತಮ್ಮಾ."

ಅವನು ಕಾರ್ಡು ನೋಡಿದ, ಅವಳನ್ನು ನೋಡಿದ. ಅವನ ಹೆಗಲು ಅಲುಗತೊಡಗಿತು. ಒಮ್ಮೆ ಕೈಯಿಂದ ಜಾರಿಹೋದವನನ್ನು ಅವನು ಈಗ ಎರಡನೇ ಸಲ ಕಳೆದುಕೊಂಡಿದ್ದ, ಅದೂ ಅವಳಿಂದಾಗಿ. ನ್ಯುಂಟ್ ಯೀ ಅವನ ಮೊಣಕೈ ಗಟ್ಟಿಯಾಗಿ ಹಿಡಿದಳು. ಇಲ್ಲಿ ಅಳಬೇಡ, ಹುಡುಗಿ ನೋಡುತ್ತಾಳೆ, ಇವತ್ತೊಂದು ದಿನ ಅವಳಿಗೆ ತಿಳಿಯುವುದು ಬೇಡ ಅಂತ ಕಿವಿಯ ಹತ್ತಿರ ಹೇಳಿದಳು. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಕೂಗಿದ್ರಾ ಅವ್ರು?" ಅಂತ ಕೇಳಿದಳು.

"ಇಲ್ಲ ಅತ್ತಿಗೆ. ಕೂಗೋಕೂ ಹೊತ್ತಿರ್ಲಿಲ್ಲ."

ಅವಳು ತಲೆಯಾಡಿಸಿದಳು. ಶಾವಿಗೆಯ ಬಟ್ಟಲು ತರಿಸಿ ಅವನ ಕೈಗಿತ್ತಳು, ಅವನು ಒಂದು ತುತ್ತಾದರೂ ತಿನ್ನುವ ತನಕ ಎದುರಿಗೇ ಕೂತಿದ್ದಳು. ಅಷ್ಟರಲ್ಲಿ ಜನ ಕರಗುತ್ತಿದ್ದರು. ವಧೂವರರು ಫೋಟೋ ತೆಗೆಸಿಕೊಳ್ಳಲು ಹೂವಿನ ಕಮಾನಿನ ಕಡೆ ಹೋಗಿದ್ದರು. ದೋ ಕ್ಯಿನ್ ಮ್ಯಾ ಚಪ್ಪರ ಬಿಚ್ಚಿಸುವ ಗಡಿಬಿಡಿಯಲ್ಲಿ ಈ ಕಡೆ ಬಂದಳು. ಬೆಳಗಿನ ಸಿಟ್ಟು ಇಳಿದಿತ್ತು, ಖಾಲಿ ಚಾಪೆ ನೋಡಿ ತಾನು ಮಾಡಿದ್ದು ಅತಿಯಾಯಿತೇನೋ ಅಂತ ಅವಳಿಗೂ ಒಳಗೊಳಗೇ ಚುಚ್ಚುತ್ತಿತ್ತು.

"ಬೀಗಿತ್ತಿ, ಈ ಚಾಪೆ ಇನ್ನೂ ಹೀಗೇ ಇರ್ಲಾ, ಮಡಿಸ್ಲಾ?" ಅಂತ ಮೆಲ್ಲಗೆ ಕೇಳಿದಳು.

"ಮಡಿಸಿ ಬೀಗಿತ್ತಿ. ಅವ್ರು ತೀರ್ಕೊಂಡ್ರು."

"ಅಯ್ಯೋ, ಯಾವಾಗ?" ಅಂದಳು ದೋ ಕ್ಯಿನ್ ಮ್ಯಾ. ಎಲ್ಲ ಗೊತ್ತಿದ್ದವಳೇ, ಆದರೂ ಸಾವಿನ ಸುದ್ದಿ ಕೇಳಿದವರ ಬಾಯಲ್ಲಿ ಬರುವ ಮಾತೇ ಬಂದುಬಿಟ್ಟಿತು.

"ಇವತ್ತು," ಅಂದಳು ನ್ಯುಂಟ್ ಯೀ. "ಇವತ್ತಿಂದ ಏಳನೇ ದಿನಕ್ಕೆ ಭಿಕ್ಕುಗಳಿಗೆ ಊಟ ಹಾಕಿಸ್ತೀನಿ. ನೀವೂ ಬನ್ನಿ."